ಡಿಗ್ರಿ ಆಯ್ತು, ಮುಂದೇನು? ಮುದ್ದೇನಹಳ್ಳಿ ಹುಡುಗ ನಡೆದ ದಾರಿ

ಚಿಕ್ಕಬಳ್ಳಾಪುರ: ಪೇಟೆಯ ಅಂಗಡಿ ಮಾಲೀಕರನ್ನ ಮಾತಾಡಿಸಿದ್ರೆ ಒಂದು ದೂರು ಇದ್ದೇ ಇರುತ್ತೆ. ಬಿ.ಕಾಂ. ಮುಗಿಸಿದ ಹುಡುಗರು ಕೆಲಸ ಕೇಳ್ಕೊಂಡು ಬರ್ತಾರೆ, ಆದ್ರೆ ಬಿಲ್ ಹಾಕೋದು, ಸ್ಟಾಕ್ ಲೆಕ್ಕ ಇಡೋದು ಮೊದಲಿಂದ ಕಲಿಸಬೇಕು ಅಂತ. ಹುಡುಗರನ್ನ ಕೇಳಿದ್ರೆ, ಕಾಲೇಜಲ್ಲಿ ಅದನ್ನ ಯಾರು ಹೇಳಿಕೊಟ್ರು ಅಂತಾರೆ. ಇಬ್ಬರ ಮಾತೂ ನಿಜಾನೇ. ಈ ತೊಂದರೆ ಇವತ್ತಿನದ್ದಲ್ಲ. ನಮ್ಮ ತಾಲ್ಲೂಕಿನವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರ ಬದುಕನ್ನ ಈ ಕಣ್ಣಿಂದ ಒಮ್ಮೆ ನೋಡಬೇಕು.

ನಂದಿ ಬೆಟ್ಟದ ಹತ್ತಿರದ ಮುದ್ದೇನಹಳ್ಳಿ ಅವರ ಹುಟ್ಟೂರು. ಅವರು ಹುಟ್ಟಿದ ಸೆಪ್ಟೆಂಬರ್ 15ನ್ನ ದೇಶವೇ ಇಂಜಿನಿಯರ್‌ಗಳ ದಿನ ಅಂತ ಆಚರಿಸುತ್ತೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮನೆಯಲ್ಲಿ ವಿದ್ಯೆ ಇತ್ತು, ದುಡ್ಡಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಶಾಲೆ ಓದುತ್ತಿದ್ದ ದಿನಗಳ ಆಸುಪಾಸಲ್ಲೇ ತಂದೆ ತೀರಿಕೊಂಡರು. ಸೋದರಮಾವನ ಆಸರೆಯಲ್ಲಿ ಹುಡುಗ ಬೆಂಗಳೂರಿಗೆ ಹೋದ.

ಅಲ್ಲಿ ಸೆಂಟ್ರಲ್ ಕಾಲೇಜು ಸೇರಿದ. ಓದಿನ ಖರ್ಚಿಗೆ ಕೊಡಗಿನ ಮೂಲದ ಒಬ್ಬ ಅಧಿಕಾರಿಯ ಮನೆ ಮಕ್ಕಳಿಗೆ ಪಾಠ ಹೇಳಿಕೊಡ್ತಿದ್ದ. ಕೆಲಸ ಮಾಡ್ಕೊಂಡು ಓದೋದು ಅಂದ್ರೆ ಇದೇ. 1881ರಲ್ಲಿ ಬಿ.ಎ. ಆಯ್ತು. ಆ ಕಾಲಕ್ಕೆ ಬಿ.ಎ. ಅಂದ್ರೆ ದೊಡ್ಡ ಮಾತು. ಯಾವುದಾದ್ರೂ ಕಚೇರಿಯಲ್ಲಿ ಕೂತು ಆರಾಮಾಗಿ ಇರಬಹುದಿತ್ತು. ಅಲ್ಲಿಗೇ ನಿಲ್ಲದೆ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೇರಿದರು. 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು. ಮರುವರ್ಷ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಕೆಲಸ ಸಿಕ್ತು.

ಕೆಲಸ ಸಿಕ್ಕ ಮೇಲೂ ಕಲಿಕೆ ನಿಲ್ಲಲಿಲ್ಲ. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ತಾವೇ ರೂಪಿಸಿದ ಸ್ವಯಂಚಾಲಿತ ಗೇಟ್‌ಗಳನ್ನ ಹಾಕಿಸಿದರು. ನೀರು ಒಂದು ಮಟ್ಟ ದಾಟಿದ್ರೆ ಗೇಟ್ ತಾನಾಗೇ ತೆರೆದುಕೊಳ್ಳುತ್ತೆ. ಹಾಗಾಗಿ ಕಟ್ಟೆ ಎತ್ತರಿಸದೇನೇ ಹೆಚ್ಚು ನೀರು ನಿಲ್ಲಿಸಬಹುದಿತ್ತು. ನಡುವೆ 1898ರಲ್ಲಿ ಜಪಾನ್ ನೋಡಿ ಬಂದಿದ್ದರು. ಅಲ್ಲಿ ಶಾಲೆಗೂ ಕಾರ್ಖಾನೆಗೂ ಇದ್ದ ನಂಟು ಅವರ ತಲೆಯಲ್ಲಿ ಉಳಿದುಬಿಡ್ತು.

1909ರಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರ್ ಆಗಿ ಬಂದರು, 1912ರಲ್ಲಿ ದಿವಾನರಾದರು. ಕನ್ನಂಬಾಡಿ ಕಟ್ಟೆ ವಿಚಾರ ಎಲ್ಲರಿಗೂ ಗೊತ್ತು. ಆದ್ರೆ ಅವರ ಕಾಲದ ಶಾಲೆಗಳ ಪಟ್ಟಿ ನೋಡಿ: 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಪದವಿ ಕೊಡೋ ವಿಶ್ವವಿದ್ಯಾಲಯ ಒಂದು ಕಡೆ, ಕೈಕೆಲಸ ಕಲಿಸೋ ಶಾಲೆ ಇನ್ನೊಂದು ಕಡೆ. ಎರಡೂ ಒಟ್ಟಿಗೆ ಬೆಳೀಬೇಕು ಅನ್ನೋದು ಅವರ ಲೆಕ್ಕ.

ಒಂದು ವಿಷಯ ಮುಚ್ಚಿಡೋದು ಸರಿಯಲ್ಲ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಮೀಸಲು ಕೊಡಬೇಕು ಅನ್ನೋ ವಿಚಾರದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ಅವರ ನಡುವೆ ಭಿನ್ನಾಭಿಪ್ರಾಯ ಬಂತು. ಅರ್ಹತೆಯೊಂದೇ ಸಾಕು ಅನ್ನೋದು ದಿವಾನರ ನಿಲುವು. 1918ರಲ್ಲಿ ಹುದ್ದೆ ಬಿಟ್ಟರು. ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿ ಮೀಸಲಾತಿ ತಂದರು. ಆ ಬಾಗಿಲು ತೆರೆದಿದ್ದರಿಂದಲೇ ಓದಿ ನೌಕರಿ ಹಿಡಿದ ಮನೆಗಳು ಎಷ್ಟೋ ಇವೆ. ಕಲಿಯೋಕೆ ಅವಕಾಶವೇ ಇಲ್ಲದವನಿಗೆ ಅರ್ಹತೆ ಎಲ್ಲಿಂದ ಬರಬೇಕು? ಈ ಒಂದು ವಿಚಾರದಲ್ಲಿ ಮಹಾರಾಜರೇ ಸರಿ ಅನ್ಸುತ್ತೆ.

ಆಮೇಲೆ 1923ರಿಂದ ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ಹೊರದೇಶದ ತಜ್ಞರು ಮಾಡ್ತಿದ್ದ ಕೆಲಸಕ್ಕೆ ನಮ್ಮವರನ್ನೇ ತಯಾರು ಮಾಡಿದರು. ಆ ದುಡಿಮೆಗೆ ಸರ್ಕಾರದಿಂದ ತಮಗೆ ಬರಬೇಕಿದ್ದ ಹಣವನ್ನ ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸೋ ಸಂಸ್ಥೆ ಕಟ್ಟಿ ಅಂದರು. ತಮ್ಮ ಹೆಸರು ಇಡೋದೂ ಬೇಡ ಅಂದರು. ಹಾಗೆ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯ್ತು. ಈಗಿನ ಎಸ್‌ಜೆ ಪಾಲಿಟೆಕ್ನಿಕ್ ಅದೇ. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. 1955ರಲ್ಲಿ ಭಾರತ ರತ್ನ ಬಂತು. 1962ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ವಿಶ್ವವಿದ್ಯಾಲಯ ಕಟ್ಟಿಸಿದವರೇ ಕೊನೆಗೆ ಸ್ವಂತ ದುಡಿಮೆಯ ಹಣವನ್ನ ಕಸುಬಿನ ಶಾಲೆಗೆ ಹಾಕಿದರು. ಬರೀ ಪದವಿ ಸಾಲದು ಅಂತ ಅವರಿಗೆ ಗೊತ್ತಿತ್ತು. ಡಿಗ್ರಿ ಅರ್ಧಕ್ಕೆ ಬಿಟ್ಟ ನಾನು ಯಾರಿಗೂ ಬುದ್ಧಿ ಹೇಳೋ ಹಾಗಿಲ್ಲ. ಒಂದು ಕೋರಿಕೆ ಅಷ್ಟೇ. ಅಂಗಡಿ, ವರ್ಕ್‌ಶಾಪ್ ಇಟ್ಟಿರೋ ಅಣ್ಣಂದಿರು, ಅಕ್ಕಂದಿರು ಓದ್ತಿರೋ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸಂಜೆ ಎರಡು ತಾಸು ಕೂರಿಸಿಕೊಂಡು ಲೆಕ್ಕ ಕಲಿಸಿ, ಕೈಗೆ ಅಷ್ಟೋ ಇಷ್ಟೋ ಕೊಡಿ. ಓದ್ತಿರೋರು ಅದನ್ನ ಕೀಳು ಅನ್ಕೋಬೇಡಿ. ಮುದ್ದೇನಹಳ್ಳಿ ಹುಡುಗನೂ ಹಾಗೆ ದುಡಿದೇ ಬಿ.ಎ. ಮುಗಿಸಿದ್ದು.