ಕವಿಗುರು ರವೀಂದ್ರರೂ ಪರಲೋಕದ ಪ್ರಶ್ನೆಯೂ

ದೆಹಲಿಯ ಕನ್ನಡಿಗರಾದ ನಮಗೆ ಕಾಪರ್ನಿಕಸ್ ಮಾರ್ಗದ ರವೀಂದ್ರ ಭವನ ಚಿರಪರಿಚಿತ. ಸಾಹಿತ್ಯ ಅಕಾದೆಮಿ ಇರುವುದು ಅಲ್ಲಿಯೇ. ಆ ಭವನಕ್ಕೆ ಹೆಸರು ಕೊಟ್ಟ ರವೀಂದ್ರನಾಥ ಠಾಕೂರರಿಗೂ (1861–1941) ಕನ್ನಡನಾಡಿಗೂ ಹಳೆಯ ನಂಟುಂಟು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ಕವಿ ಅಲ್ಲಿಗೆ ಬಂದು, 1883ರಲ್ಲಿ ಪ್ರಕೃತಿರ್ ಪ್ರತಿಶೋಧ ಎಂಬ ನಾಟಕವನ್ನು ರಚಿಸಿದರು. ಬಂಧನಗಳನ್ನೆಲ್ಲ ಕಡಿದುಕೊಂಡ ಸಂನ್ಯಾಸಿಯೊಬ್ಬನು ಅನಾಥ ಬಾಲೆಯ ಮಮತೆಗೆ ಸೋಲುತ್ತಾನೆ. ಅವಳನ್ನು ತೊರೆದು ಹೋಗಿ ಮರಳುವ ವೇಳೆಗೆ ಅವಳು ಇಲ್ಲವಾಗಿರುತ್ತಾಳೆ.

ಕಡಲತೀರದಲ್ಲಿ ಕಲ್ಪಿಸಿದ ಆ ದುಃಖ ಮುಂದೆ ಕವಿಯ ಮನೆಯನ್ನೇ ಹೊಕ್ಕಿತು. 1902ರಲ್ಲಿ ಪತ್ನಿ ಮೃಣಾಲಿನೀದೇವಿ, 1903ರಲ್ಲಿ ಮಗಳು ರೇಣುಕಾ, 1907ರಲ್ಲಿ ಹನ್ನೊಂದು ತುಂಬದ ಕಿರಿಯ ಮಗ ಶಮೀಂದ್ರ, 1918ರಲ್ಲಿ ಹಿರಿಯ ಮಗಳು ಮಾಧುರೀಲತಾ ತೀರಿಕೊಂಡರು.

ಸತ್ತವರ ಆತ್ಮ ಬದುಕಿರುವವರೊಬ್ಬರ ಮೂಲಕ ಮಾತನಾಡುವುದೆಂಬ ನಂಬಿಕೆ 1848ರಿಂದೀಚೆಗೆ ಅಮೆರಿಕದಲ್ಲಿ ಹಬ್ಬಿ, ಬಂಗಾಳಕ್ಕೂ ಬಂದಿತ್ತು. ಹೀಗೆ ಮಾತಿಗೆ ಒದಗುವವರನ್ನು ಮಾಧ್ಯಮವೆನ್ನುತ್ತಾರೆ. 1929ರ ಕೊನೆಯಲ್ಲಿ ಅರವತ್ತೆಂಟರ ಕವಿ ಉಮಾದೇವಿ ಎಂಬ ತರುಣಿಯನ್ನು ಮಾಧ್ಯಮವಾಗಿ ಕೂರಿಸಿಕೊಂಡರು. ಕವಿ ಪ್ರಶ್ನಿಸುವರು, ಆಕೆಯ ಕೈ ಉತ್ತರ ಬರೆಯುವುದು. ಹೀಗೆ ಕರೆಯಲ್ಪಟ್ಟವರಲ್ಲಿ ಶಮೀಂದ್ರನೂ ಇದ್ದನು. ಇಪ್ಪತ್ತೆರಡು ವರ್ಷಗಳ ಮೇಲೂ ತಂದೆಯ ಕರುಳು ಮಗನನ್ನು ಕೂಗುತ್ತಲೇ ಇತ್ತು.

ಕವಿ ಇದನ್ನು ನಂಬಿದರೇ? ಉಮಾದೇವಿ ಸುಳ್ಳಾಡುವವರಲ್ಲವೆಂದು ಅವರಿಗೆ ವಿಶ್ವಾಸವಿತ್ತು. ಆದರೆ ಸಿದ್ಧವಾಗದ್ದನ್ನು ಸಿದ್ಧವೆಂದು ಅವರು ಸಾರಲಿಲ್ಲ. ಸುಳ್ಳೆಂದು ಸಿದ್ಧವಾಗದ್ದನ್ನು ತಳ್ಳಿಹಾಕಲೂ ಇಲ್ಲ. ಬರೆಯುವವರ ಅರಿವಿಗೆ ಬಾರದೆಯೇ ಅವರ ಮನಸ್ಸು ಕೈಯನ್ನು ನಡೆಸಬಲ್ಲುದೆಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಬ್ಯಾಂಕಿನಲ್ಲಿ ದುಡಿಯುವ ನಾವು, ಯಾರ ಲೆಕ್ಕಕ್ಕೆ ಸೇರಬೇಕೆಂದು ತಿಳಿಯದ ಹಣವನ್ನು ಸಸ್ಪೆನ್ಸ್ ಖಾತೆಯಲ್ಲಿಡುತ್ತೇವೆ. ಕವಿಯೂ ಈ ಪ್ರಶ್ನೆಯನ್ನು ಅಲ್ಲಿಯೇ ಇಟ್ಟರು. ಇಟ್ಟು, ಕೈಕಟ್ಟಿ ಕೂರಲಿಲ್ಲ. 1930ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾನವಧರ್ಮವನ್ನು ಕುರಿತು ಉಪನ್ಯಾಸವಿತ್ತರು. ಐನ್‌ಸ್ಟೈನರೊಡನೆ ಸತ್ಯದ ಸ್ವರೂಪವನ್ನು ಚರ್ಚಿಸಿದರು.

ಊರಿನಿಂದ ಇಷ್ಟು ದೂರ ಬಂದು, ಹೆತ್ತವರ ಮಣ್ಣಿಗೂ ಹೋಗಲಾಗದವರು ನಮ್ಮಲ್ಲಿ ಹಲವರುಂಟು. ಆಡದೆ ಉಳಿದ ಒಂದು ಮಾತಿಗಾಗಿ ಅವರ ಜೀವ ಹಂಬಲಿಸುತ್ತದೆ. ಆ ಹಂಬಲವನ್ನೇ ಬಂಡವಾಳ ಮಾಡಿಕೊಳ್ಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಹಂಬಲಿಸುವುದು ತಪ್ಪಲ್ಲ, ಕವಿಗುರುವೂ ಹಂಬಲಿಸಿದರು. ಆದರೆ ದುಃಖದ ಕೈಗೆ ಬುದ್ಧಿಯನ್ನು ಒಪ್ಪಿಸಲಿಲ್ಲ. ಅವರ ಬಾಳಿನಿಂದ ನಾವು ಕಲಿಯಬೇಕಾದುದು ಇದನ್ನೇ.