ಅಲ್ಪವಿರಾಮದ ಗುರು ಲಿಂಡ್ಲೆ ಮರ್ರೇ

ಇಂಗ್ಲಿಷ್ ವ್ಯಾಕರಣವೆಂದರೆ ಬೆವರುವ ವಿದ್ಯಾರ್ಥಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಆ ವ್ಯಾಕರಣವನ್ನು ಶಾಲೆಯ ಮಕ್ಕಳಿಗೆಂದು ಕ್ರಮಗೊಳಿಸಿ ಬರೆದು, ಇಂಗ್ಲೆಂಡ್ ಅಮೇರಿಕಗಳೆರಡರಲ್ಲೂ ಮನೆಮಾತಾದ ಲಿಂಡ್ಲೆ ಮರ್ರೇ ವೃತ್ತಿಯಿಂದ ಉಪಾಧ್ಯಾಯರೇ ಅಲ್ಲವೆಂದರೆ ನಮ್ಮ ಓದುಗರಿಗೆ ಆಶ್ಚರ್ಯವಾದೀತು. ಅವರು ಮೊದಲು ವಕೀಲರು, ಅನಂತರ ವರ್ತಕರು, ಕೊನೆಗೆ ನಡೆಯಲಾರದ ರೋಗಿ.

ಮರ್ರೇ ಹುಟ್ಟಿದ್ದು 1745ರಲ್ಲಿ, ಅಮೇರಿಕದ ಪೆನ್ಸಿಲ್ವೇನಿಯದಲ್ಲಿ. ತಂದೆ ರಾಬರ್ಟ್ ಮರ್ರೇ ಕ್ವೇಕರ್ ಪಂಥದವರು. ಹಿಟ್ಟಿನ ಗಿರಣಿಯಿಂದ ಆರಂಭಿಸಿ ನ್ಯೂಯಾರ್ಕಿನ ದೊಡ್ಡ ವ್ಯಾಪಾರಿಯಾದವರು. ಆ ನಗರದ ಮರ್ರೇ ಹಿಲ್ ಎಂಬ ಭಾಗಕ್ಕೆ ಈ ಮನೆತನದ್ದೇ ಹೆಸರು. ಹುಡುಗ ಬಲು ತುಂಟ. ಅಪ್ಪಣೆಯಿಲ್ಲದೆ ಸಂಜೆ ಹೊರಗೆ ಹೋದನೆಂದು ತಂದೆ ಶಿಕ್ಷಿಸಿದಾಗ ಮುನಿಸಿಕೊಂಡು ಮನೆ ಬಿಟ್ಟು ಓಡಿದ. ಓಡಿಹೋಗಿ ಸೇರಿದ್ದು ನ್ಯೂಜರ್ಸಿಯ ಬರ್ಲಿಂಗ್ಟನ್ ಊರಿನ ಒಂದು ವಸತಿಶಾಲೆಯನ್ನು! (ಇಂಥ ಓಟವನ್ನು ಯಾವ ತಂದೆತಾಯಿ ಬೇಡವೆಂದಾರು?) ಬಂಧುಗಳು ಒಲಿಸಿ ಮನೆಗೆ ಕರೆತಂದರು. ಮುಂದೆ ಬೆಂಜಮಿನ್ ಕಿಸ್ಸಮ್ ಎಂಬ ವಕೀಲರಲ್ಲಿ ಕಾನೂನು ಕಲಿತ. ಜೊತೆಗೆ ಕಲಿಯುತ್ತಿದ್ದ ಜಾನ್ ಜೇ ಮುಂದೆ ಅಮೇರಿಕ ಸಂಯುಕ್ತ ಸಂಸ್ಥಾನದ ಮೊದಲ ಶ್ರೇಷ್ಠ ನ್ಯಾಯಾಧೀಶರಾದರು.

1767ರಲ್ಲಿ ಹ್ಯಾನಾ ಡಾಬ್ಸನ್ ಅವರೊಡನೆ ವಿವಾಹವಾಯಿತು, ಮಕ್ಕಳಾಗಲಿಲ್ಲ. ಸ್ವಾತಂತ್ರ್ಯ ಸಮರದ ಕಾಲದಲ್ಲಿ ವ್ಯಾಪಾರದಿಂದ ಸಾಕಷ್ಟು ಹಣ ಬಂತು. ಆದರೆ ಮಾಂಸಖಂಡಗಳ ಬಲ ಕುಂದುವ ರೋಗ ಹಿಡಿಯಿತು. ಹವೆ ಬದಲಾದರೆ ಗುಣವಾದೀತೆಂದು 1784ರಲ್ಲಿ ದಂಪತಿಗಳು ಇಂಗ್ಲೆಂಡಿಗೆ ಹೊರಟು, ಯಾರ್ಕ್ ನಗರದ ಬಳಿ ಹೋಲ್ಗೇಟಿನಲ್ಲಿ ಮನೆಮಾಡಿದರು. ರೋಗ ಗುಣವಾಗಲಿಲ್ಲ. ಕಾಲಿನ ಶಕ್ತಿ ಕ್ರಮೇಣ ಹೋಯಿತು. ತಮ್ಮ ದೇಶಕ್ಕೆ ಮರಳಲು ಅವರಿಗೆ ಸಾಧ್ಯವೇ ಆಗಲಿಲ್ಲ.

ಯಾರ್ಕಿನಲ್ಲಿ ಕ್ವೇಕರರ ಒಂದು ಹೆಣ್ಣುಮಕ್ಕಳ ಶಾಲೆಯಿತ್ತು. ಅಲ್ಲಿನ ಯುವ ಶಿಕ್ಷಕಿಯರು ತಮಗೆ ಕಲಿಸಲು ತಕ್ಕ ವ್ಯಾಕರಣ ಪುಸ್ತಕವಿಲ್ಲವೆಂದು, ಒಂದನ್ನು ಬರೆದುಕೊಡಬೇಕೆಂದು ಮರ್ರೇಯವರನ್ನು ಬೇಡಿಕೊಂಡರು. ಸೋಫಾದ ಮೇಲೆ ಕುಳಿತೇ ಬರೆದ ಆ ಪುಸ್ತಕ, ಇಂಗ್ಲಿಷ್ ಗ್ರಾಮರ್, 1795ರಲ್ಲಿ ಅಚ್ಚಾಯಿತು. ಎರಡು ವರ್ಷಗಳಲ್ಲಿ ಅಭ್ಯಾಸಪುಸ್ತಕ, ಅದರ ಉತ್ತರಪುಸ್ತಕ, ಸಂಕ್ಷಿಪ್ತ ವ್ಯಾಕರಣ ಹೊರಬಂದವು. 1799ರಲ್ಲಿ ಇಂಗ್ಲಿಷ್ ರೀಡರ್ ಎಂಬ ಪಾಠಮಾಲೆ ಬಂತು. ಎಲ್ಲ ಸೇರಿ ಅವರ ಪುಸ್ತಕಗಳು ಒಂದು ಕೋಟಿಗೂ ಮಿಕ್ಕಿ ಮಾರಾಟವಾದುವೆಂದು ಅಂದಾಜು. ಪುಸ್ತಕಗಳಿಂದ ಬಂದ ಹಣವನ್ನು ಅವರು ಧರ್ಮಕಾರ್ಯಗಳಿಗೆ ಕೊಟ್ಟುಬಿಟ್ಟರು.

ಆ ವ್ಯಾಕರಣದ ಕೊನೆಯ ಭಾಗದಲ್ಲಿ ವಿರಾಮಚಿಹ್ನೆಗಳ ಪಾಠವಿದೆ. ಅಲ್ಪವಿರಾಮವೊಂದಕ್ಕೇ ಇಪ್ಪತ್ತರಷ್ಟು ನಿಯಮಗಳು! ಕಾಮಾಕ್ಕೆ ಎಷ್ಟು ಹೊತ್ತು ನಿಲ್ಲಬೇಕೋ ಸೆಮಿಕೋಲನ್ನಿಗೆ ಅದರ ಎರಡರಷ್ಟು, ಕೋಲನ್ನಿಗೆ ಮತ್ತೆ ಅದರ ಎರಡರಷ್ಟು, ಪೂರ್ಣವಿರಾಮಕ್ಕೆ ಅದಕ್ಕೂ ಇಮ್ಮಡಿ ಎಂಬ ಲೆಕ್ಕವನ್ನೂ ಕೊಟ್ಟಿದ್ದಾರೆ. ಈ ಗಡಿಯಾರದ ಲೆಕ್ಕ ನಮಗೆ ಅಷ್ಟಾಗಿ ಒಪ್ಪಿಗೆಯಾಗದು. ಆದರೆ ನಿಯಮಗಳ ಒಳಗೆ ಹೊಕ್ಕರೆ ಅವರು ನೋಡಿದ್ದು ಉಸಿರನ್ನಲ್ಲ, ವಾಕ್ಯದ ಕಟ್ಟಡವನ್ನು ಎಂದು ತಿಳಿಯುತ್ತದೆ.

ಹೂ, ವಿಚ್ ಎಂಬ ಸಂಬಂಧವಾಚಕಗಳ ನಿಯಮವನ್ನೇ ನೋಡೋಣ. ಉಪವಾಕ್ಯವು ಹೆಚ್ಚಿನ ಸಂಗತಿಯನ್ನು ಮಾತ್ರ ಹೇಳಿದರೆ ಕಾಮಾ ಬೇಕು. ಹಿಂದಿನ ನಾಮಪದದ ಅರ್ಥವನ್ನು ಇಂಥವರಿಗೇ ಎಂದು ಸೀಮಿತಗೊಳಿಸಿದರೆ ಕಾಮಾ ಬೇಡ. ಇದಕ್ಕೆ ನಮ್ಮದೇ ಉದಾಹರಣೆ: ದ ಬಾಯ್ಸ್ ಹೂ ಕೇಮ್ ಲೇಟ್ ವರ್ ಸೆಂಟ್ ಹೋಮ್. ಕಾಮಾ ಇಲ್ಲದೆ ಬರೆದರೆ ತಡವಾಗಿ ಬಂದವರಷ್ಟೇ ಮನೆಗೆ ಹೋದರು, ಉಳಿದವರು ತರಗತಿಯಲ್ಲಿದ್ದಾರೆ. ಬಾಯ್ಸ್ ಆದಮೇಲೊಂದು, ಲೇಟ್ ಆದಮೇಲೊಂದು ಕಾಮಾ ಹಾಕಿರಿ: ಹುಡುಗರೆಲ್ಲರೂ ತಡವಾಗಿ ಬಂದರು, ಎಲ್ಲರೂ ಮನೆಗೆ ಹೋದರು, ತರಗತಿ ಖಾಲಿ! ಎರಡು ಕಾಮಾಗಳ ನಡುವಿನದನ್ನು ಬೆರಳಿನಿಂದ ಮುಚ್ಚಿದರೂ ಉಳಿದ ವಾಕ್ಯ ನಿಲ್ಲುತ್ತದೆ. ಆವರಣಚಿಹ್ನೆಯ ವಿಷಯದಲ್ಲಿಯೂ ಮರ್ರೇಯವರ ಅಭಿಪ್ರಾಯ ಇದೇ: ಒಳಗಿನದನ್ನು ತೆಗೆದರೂ ವಾಕ್ಯರಚನೆ ಕೆಡಬಾರದು.

ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ತೊಡಕಾಗುವುದು ಸಹಜ. ತಡವಾಗಿ ಬಂದ ಹುಡುಗರು ಎನ್ನುವಾಗ ನಮ್ಮ ವಿಶೇಷಣ ನಾಮಪದದ ಮುಂದೆಯೇ ಬಂದು ಕೂರುತ್ತದೆ. ನಡುವೆ ಚಿಹ್ನೆಗೆ ಎಡೆಯೇ ಇಲ್ಲ. ಎಲ್ಲರೂ ತಡಮಾಡಿದ್ದರೆ ನಾವು ಅದನ್ನು ಬೇರೆ ವಾಕ್ಯವಾಗಿ ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಆ ಕೆಲಸವೆಲ್ಲ ಒಂದು ಜೊತೆ ಕಾಮಾಗಳ ತಲೆಯ ಮೇಲೆ ಬೀಳುತ್ತದೆ.

ಮರ್ರೇಯವರನ್ನು ಜರೆದವರೂ ಉಂಟು. ರಾಬರ್ಟ್ ಲೌತ್ 1762ರಲ್ಲಿ ಬರೆದ ವ್ಯಾಕರಣದಿಂದ ಬಹಳಷ್ಟನ್ನು ಎತ್ತಿಕೊಂಡರೆಂಬುದು ಒಂದು ದೂರು. ತಮ್ಮದು ಸಂಗ್ರಹವೆಂದು ಅವರೇ ಒಪ್ಪಿಕೊಂಡಿದ್ದರು. 1868ರಲ್ಲಿ ವಾಷಿಂಗ್ಟನ್ ಮೂನ್ ಎಂಬವರು ಮರ್ರೇಯವರ ಕೆಟ್ಟ ಇಂಗ್ಲಿಷನ್ನು ಎತ್ತಿತೋರಿಸಿ ಪುಸ್ತಕವನ್ನೇ ಹೊರಡಿಸಿದರು. ಅಷ್ಟು ಹೊತ್ತಿಗೆ ಎರಡು ತಲೆಮಾರಿನ ಮಕ್ಕಳು ಆ ಕೆಟ್ಟ ಇಂಗ್ಲಿಷಿನಿಂದಲೇ ಒಳ್ಳೆಯ ಇಂಗ್ಲಿಷ್ ಕಲಿತಾಗಿತ್ತು. ಅಬ್ರಹಾಂ ಲಿಂಕನ್ ಕೂಡ ಇಂಗ್ಲಿಷ್ ರೀಡರನ್ನು ಬಹಳ ಮೆಚ್ಚಿದ್ದರಂತೆ.

ಕಡೆಯ 16 ವರ್ಷ ಮರ್ರೇ ಮನೆಯ ಹೊಸಿಲು ದಾಟಲಿಲ್ಲ. 1826ರ ಜನವರಿ 16ರಂದು, ತಮ್ಮ 80ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪತ್ನಿಯ ಕಾಲಾನಂತರ ಉಳಿದ ಆಸ್ತಿ ಗುಲಾಮರ ಬಿಡುಗಡೆ, ಅವರ ಸಂತತಿಯ ನೆರವು, ಬಡವರ ಹಿತ ಮುಂತಾದುವಕ್ಕೆ ಸಲ್ಲಬೇಕೆಂದು ಬರೆದಿಟ್ಟಿದ್ದರು. ಅವರ ತೋಟದಲ್ಲಿದ್ದ ಪುಟ್ಟ ಬೇಸಗೆ ಮನೆ ಈಗ ಯಾರ್ಕಿನ ಮೌಂಟ್ ಶಾಲೆಯ ಆವರಣದಲ್ಲಿದೆ. ಅದೂ ಕ್ವೇಕರರು ಹೆಣ್ಣುಮಕ್ಕಳಿಗಾಗಿ ಕಟ್ಟಿದ ಶಾಲೆಯೇ.