ಇರುವೆ ಸಾಕಿದ ಬ್ಯಾಂಕಿನ ಯಜಮಾನ: ಸರ್ ಜಾನ್ ಲಬಕ್

ಅಭ್ಯಾಸ ಪಾಠಗಳಲ್ಲಿ ವಿಜ್ಞಾನಿಗಳ ಜೀವನ ಸಾಮಾನ್ಯವಾಗಿ ಪೀಠಿಕೆಯ ಎರಡು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಹುಟ್ಟಿದ ವರ್ಷ, ಹುಟ್ಟಿದ ಊರು, ಕಂಡುಹಿಡಿದ ವಿಷಯ, ಸತ್ತ ವರ್ಷ ಇಷ್ಟನ್ನು ಹೇಳಿ ನಾವು ಕಪ್ಪುಹಲಗೆಯ ಕಡೆ ತಿರುಗುತ್ತೇವೆ. ಜಾನ್ ಲಬಕ್ ಅವರ ಜೀವನವನ್ನು ಹಾಗೆ ಹೇಳಿದರೆ ಅದರಲ್ಲಿ ಶಿಕ್ಷಕರಿಗೆ ಬೇಕಾದ ಭಾಗವೇ ಬಿಟ್ಟುಹೋಗುತ್ತದೆ. ಅವರು ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ಹೊಟ್ಟೆಪಾಡಿನ ವೃತ್ತಿ ಬ್ಯಾಂಕಿನದು, ಸಾರ್ವಜನಿಕ ಕೆಲಸ ಪಾರ್ಲಿಮೆಂಟಿನದು. ಇವುಗಳ ನಡುವೆ ಉಳಿದ ಸಮಯದಲ್ಲಿ ತಮ್ಮ ಮನೆಯ ಸುತ್ತಮುತ್ತಲ ಇರುವೆಗಳನ್ನು ಹಿಡಿದು ತಂದು ಸಾಕಿದರು. ಆ ಹವ್ಯಾಸದಿಂದ ಬಂದ ತಿಳಿವಳಿಕೆ ಕೀಟಗಳ ನಡವಳಿಕೆಯ ಅಧ್ಯಯನಕ್ಕೆ ಹೊಸ ದಾರಿ ಹಾಕಿಕೊಟ್ಟಿತು.

ಬಾಲ್ಯ ಮತ್ತು ನೆರೆಮನೆಯ ಗುರು

ಲಬಕ್ ಹುಟ್ಟಿದ್ದು 1834ರ ಏಪ್ರಿಲ್ 30ರಂದು, ಲಂಡನ್ನಿನಲ್ಲಿ. ತಂದೆ ಬ್ಯಾಂಕಿನ ಒಡೆಯರು, ಜೊತೆಗೆ ಗಣಿತ ಮತ್ತು ಖಗೋಳವಿಜ್ಞಾನದಲ್ಲಿ ಹೆಸರು ಮಾಡಿದವರು. ಜಾನ್ ಚಿಕ್ಕವನಿದ್ದಾಗಲೇ ಕುಟುಂಬ ಕೆಂಟ್ ಪ್ರಾಂತದ ಡೌನ್ ಗ್ರಾಮದ ಬಳಿಯಿರುವ ಹೈ ಎಲ್ಮ್ಸ್ ಎಂಬ ಎಸ್ಟೇಟಿಗೆ ಬಂದು ನೆಲೆಸಿತು. 1842ರಲ್ಲಿ ಒಂದು ದಿನ ತಂದೆ ಮನೆಗೆ ಬಂದು ಒಂದು ಒಳ್ಳೆಯ ಸುದ್ದಿ ಇದೆ ಎಂದರು. ಎಂಟು ವರ್ಷದ ಹುಡುಗ ತನಗೆ ಕುದುರೆಮರಿ ಕೊಡಿಸುತ್ತಾರೆ ಎಂದುಕೊಂಡ. ಸುದ್ದಿ ಬೇರೆಯೇ ಆಗಿತ್ತು: ಚಾರ್ಲ್ಸ್ ಡಾರ್ವಿನ್ ಎಂಬುವರು ಪಕ್ಕದ ಡೌನ್ ಗ್ರಾಮಕ್ಕೆ ವಾಸಕ್ಕೆ ಬರಲಿದ್ದರು. ಹುಡುಗನಿಗೆ ಬಹಳ ನಿರಾಸೆಯಾಯಿತು.

ಕುದುರೆ ಸಿಗದಿದ್ದರೂ ಅವನಿಗೆ ಗುರು ಸಿಕ್ಕಿದರು. ಡಾರ್ವಿನ್ ಅವನಿಗೆ ಪಾಠ ಹೇಳಲು ಬಂದವರಲ್ಲ. ಆದರೆ ಹುಡುಗನಿಗೆ ಹುಳುಹುಪ್ಪಟೆಗಳಲ್ಲಿದ್ದ ಆಸಕ್ತಿಯನ್ನು ಗಮನಿಸಿದರು. ಅವನಿಗೊಂದು ಸೂಕ್ಷ್ಮದರ್ಶಕ ಕೊಡಿಸುವಂತೆ ತಂದೆಯ ಮನವೊಲಿಸಿದರು. ತಾವು ಸಂಗ್ರಹಿಸಿದ್ದ ಜೀವಿಗಳನ್ನು ನೋಡಿ ವಿವರಿಸಲು ಕೊಟ್ಟರು. ಮಗುವಿನ ಕುತೂಹಲವನ್ನು ಹೊಗಳಿ ಸುಮ್ಮನಾಗದೆ, ಅದಕ್ಕೊಂದು ಉಪಕರಣವನ್ನೂ ನಿಜವಾದ ಕೆಲಸವನ್ನೂ ಒದಗಿಸಿದರು.

ಇದರ ಬೆಲೆ ಮುಂದೆ ತಿಳಿಯಿತು. ಈಟನ್ ಶಾಲೆಯಲ್ಲಿ ಓದುತ್ತಿದ್ದ ಜಾನ್‌ನನ್ನು ಸುಮಾರು ಹದಿನಾಲ್ಕನೆಯ ವಯಸ್ಸಿಗೇ ಬಿಡಿಸಿ ಬ್ಯಾಂಕಿನ ಕೆಲಸಕ್ಕೆ ಹಚ್ಚಿದರು. ಅವನ ಔಪಚಾರಿಕ ಶಿಕ್ಷಣ ಅಲ್ಲಿಗೇ ನಿಂತಿತು. ಕಲಿಕೆ ಮಾತ್ರ ನಿಲ್ಲಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ, 1853ರಲ್ಲಿ, ಡಾರ್ವಿನ್ ಸಂಗ್ರಹದ ಒಂದು ಸಣ್ಣ ಕಠಿಣಚರ್ಮಿಯನ್ನು ವಿವರಿಸಿ ಅದಕ್ಕೆ ಡಾರ್ವಿನ್ ಹೆಸರನ್ನೇ ಇಟ್ಟು ಲೇಖನ ಪ್ರಕಟಿಸಿದ. 1858ರಲ್ಲಿ, ಇಪ್ಪತ್ತನಾಲ್ಕರ ಪ್ರಾಯಕ್ಕೆ, ರಾಯಲ್ ಸೊಸೈಟಿಯ ಸದಸ್ಯನಾದ.

ಸಾರ್ವಜನಿಕ ಜೀವನ

ಲಬಕ್ ಅವರ ಸಾರ್ವಜನಿಕ ಜೀವನವೇ ಒಂದು ಪ್ರತ್ಯೇಕ ಲೇಖನಕ್ಕಾಗುವಷ್ಟಿದೆ. 1865ರಲ್ಲಿ ಬರೆದ ಪ್ರಾಗಿತಿಹಾಸದ ಪುಸ್ತಕದಲ್ಲಿ ಶಿಲಾಯುಗವನ್ನು ಹಳೆಯದು, ಹೊಸದು ಎಂದು ಎರಡಾಗಿ ವಿಂಗಡಿಸಿ ಹೆಸರಿಟ್ಟರು. ನಮ್ಮ ಸಮಾಜ ವಿಜ್ಞಾನದ ಪಠ್ಯಗಳಲ್ಲಿ ಬರುವ ಹಳೆ ಶಿಲಾಯುಗ, ನವಶಿಲಾಯುಗ ಎಂಬ ಮಾತುಗಳ ಮೂಲ ಅಲ್ಲಿದೆ. 1870ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದರು. ಮರುವರ್ಷ ಅವರ ಪ್ರಯತ್ನದಿಂದ ಬ್ಯಾಂಕ್ ರಜಾದಿನಗಳ ಕಾನೂನು ಬಂದು, ದುಡಿಯುವ ಜನಕ್ಕೆ ವರ್ಷದಲ್ಲಿ ಕೆಲವು ದಿನ ಬಿಡುವು ಸಿಕ್ಕಿತು. 1882ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾನೂನು ಬಂತು. ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ನಿಸರ್ಗ ವಿಜ್ಞಾನ ಕಲಿಸಬೇಕೆಂದು ಅವರು ಪಾರ್ಲಿಮೆಂಟಿನಲ್ಲಿ ಮತ್ತೆ ಮತ್ತೆ ವಾದಿಸಿದರು. 1900ರಲ್ಲಿ ಲಾರ್ಡ್ ಏವ್‌ಬರಿ ಎಂಬ ಪದವಿ ಬಂತು. ಇರುವೆಗಳ ಕೆಲಸದ ಬಹುಭಾಗ ನಡೆದದ್ದು ಈ ಜವಾಬ್ದಾರಿಗಳ ನಡುವೆಯೇ, 1870ರ ದಶಕದಲ್ಲಿ ಮತ್ತು ಅದರ ನಂತರ.

ಗಾಜಿನ ಗೂಡು

ಇರುವೆಯನ್ನು ಹೊರಗೆ ನೋಡುವುದು ಸುಲಭ, ಗೂಡಿನೊಳಗೆ ನೋಡುವುದು ಕಷ್ಟ. ಅಗೆದರೆ ಗೂಡು ಹಾಳಾಗುತ್ತದೆ, ಅಗೆಯದಿದ್ದರೆ ಏನೂ ಕಾಣುವುದಿಲ್ಲ. ಲಬಕ್ ಕಂಡುಕೊಂಡ ಉಪಾಯ ಸರಳವಾಗಿತ್ತು. ಚಚ್ಚೌಕದ ಎರಡು ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ಅಂಚಿನಲ್ಲಿ ತೆಳು ಮರದ ಪಟ್ಟಿ ಕೊಟ್ಟು, ನಡುವೆ ಇರುವೆಯ ಎತ್ತರಕ್ಕಿಂತ ತುಸು ಹೆಚ್ಚು ಜಾಗ ಬಿಡುವುದು. ಅದರಲ್ಲಿ ತೆಳುವಾಗಿ ತೇವದ ಮಣ್ಣು ತುಂಬುವುದು. ಒಂದು ಕಡೆ ಸಣ್ಣ ಬಾಗಿಲು ಬಿಡುವುದು. ಇರುವೆಗಳು ಆ ಮಣ್ಣಿನಲ್ಲಿ ಓಣಿ ಕೊರೆದಾಗ ಮೇಲಿನ ಗಾಜಿನಿಂದ ಎಲ್ಲವೂ ಕಾಣುತ್ತದೆ. ಮಣ್ಣಿನ ಪದರ ತೆಳುವಾಗಿರುವುದರಿಂದ ಅವುಗಳಿಗೆ ಅಡಗಲು ಆಳ ಸಿಗುವುದಿಲ್ಲ. ನೋಡದಿರುವಾಗ ಮೇಲೊಂದು ಮುಚ್ಚಿಗೆ ಹಾಕಿ ಕತ್ತಲೆ ಮಾಡುತ್ತಿದ್ದರು. ಓಡಿಹೋಗದಂತೆ ಗೂಡಿನ ಸುತ್ತ ನೀರಿನ ಕಂದಕ. ಆಹಾರ ಮುಖ್ಯವಾಗಿ ಜೇನುತುಪ್ಪ, ಆಗೊಮ್ಮೆ ಈಗೊಮ್ಮೆ ಮಾಂಸದ ಚೂರು.

ಹೀಗೆ ಅವರ ಮನೆಯಲ್ಲಿ ಒಂದು ಕಾಲಕ್ಕೆ ಮೂವತ್ತಕ್ಕೂ ಹೆಚ್ಚು ಗೂಡುಗಳಿದ್ದವು. ಬ್ರಿಟನ್ನಿನ ಇರುವೆ ಜಾತಿಗಳಲ್ಲಿ ಸುಮಾರು ಅರ್ಧದಷ್ಟನ್ನು ಅವರು ಸಾಕಿ ನೋಡಿದರು. ತೋಟದಲ್ಲಿ ದಿನವೂ ಕಾಣುವ ಲಾಸಿಯಸ್ ನೈಗರ್, ಫಾರ್ಮಿಕಾ ಫಸ್ಕಾ ಜಾತಿಗಳೇ ಅವರ ಹೆಚ್ಚಿನ ಪ್ರಯೋಗಗಳ ಪಾತ್ರಗಳು. ಒಂದು ಇರುವೆಯನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸಲು ಬೆನ್ನಿಗೆ ಬಣ್ಣದ ಚುಕ್ಕೆ ಇಟ್ಟರು. ಅಲ್ಲಿಯವರೆಗೆ ಜನ ಮಾತಾಡುತ್ತಿದ್ದುದು ಇರುವೆಗಳ ಗುಂಪಿನ ಬಗ್ಗೆ. ಆ ಚುಕ್ಕೆಯಿಂದಾಗಿ ಈ ಇರುವೆ, ಆ ಇರುವೆ ಎಂದು ಲೆಕ್ಕ ಇಡುವುದು ಸಾಧ್ಯವಾಯಿತು. ಕೆಲಸದ ಮೇಲೆ ಹೊರಡಬೇಕಾದಾಗ ನೋಡುತ್ತಿದ್ದ ಇರುವೆಯನ್ನು ಪುಟ್ಟ ಸೀಸೆಯಲ್ಲಿಟ್ಟು ಹೋಗುತ್ತಿದ್ದರು, ಬಂದು ಬಿಟ್ಟರೆ ಅದು ತನ್ನ ಕೆಲಸ ಮುಂದುವರಿಸುತ್ತಿತ್ತು. ಹೀಗೆ ನೋಡುತ್ತ ಕುಳಿತಾಗ ಒಂದು ಇರುವೆ ಬೆಳಗಿನ ಆರರಿಂದ ರಾತ್ರಿಯವರೆಗೆ ಬಿಡದೆ ದುಡಿದು 187 ಮರಿಹುಳುಗಳನ್ನು ಗೂಡಿಗೆ ಹೊತ್ತದ್ದನ್ನು ಅವರು ಒಂದೊಂದಾಗಿ ಎಣಿಸಿದರು.

ಇರುವೆಯ ಆಯುಸ್ಸಿನ ಬಗೆಗಿದ್ದ ತಪ್ಪು ಕಲ್ಪನೆಯೂ ಈ ಗೂಡುಗಳಿಂದ ತಿದ್ದಿತು. ಇರುವೆ ಒಂದು ವರ್ಷ ಬದುಕಿದರೆ ಹೆಚ್ಚು ಎಂಬ ನಂಬಿಕೆ ಆಗ ಇತ್ತು. ಅವರ ಗೂಡಿನ ಕೆಲಸಗಾರ್ತಿಯರಲ್ಲಿ ಕೆಲವು ಏಳು ವರ್ಷ ಬದುಕಿದವು. 1874ರ ಡಿಸೆಂಬರಿನಲ್ಲಿ ತಂದ ಫಾರ್ಮಿಕಾ ಫಸ್ಕಾ ರಾಣಿಯೊಂದು 1888ರ ಆಗಸ್ಟ್‌ವರೆಗೆ ಬದುಕಿತ್ತು. ಒಂದೇ ಗೂಡನ್ನು ಹದಿನಾಲ್ಕು ವರ್ಷ ತೇವ ಆರದಂತೆ ಕಾಪಾಡಿದ್ದು ರಾಣಿಯಷ್ಟೇ ಸಾಕಿದವರ ಸಾಧನೆಯೂ ಹೌದು. ರಾಣಿ ಒಬ್ಬಂಟಿಯಾಗಿ ಹೊಸ ಸಂಸಾರ ಹೂಡಬಲ್ಲಳೇ ಎಂಬ ಪ್ರಶ್ನೆಗೂ ಅವರೇ ಉತ್ತರ ಕಂಡರು. 1876ರಲ್ಲಿ ಮಿರ್ಮಿಕಾ ಜಾತಿಯ ರಾಣಿಗಳನ್ನು ಕೆಲಸಗಾರ್ತಿಯರಿಲ್ಲದೆ ಬೇರೆಯಾಗಿಟ್ಟರು. ಮರುವರ್ಷ ಅವು ಮೊಟ್ಟೆಯಿಟ್ಟು ಮರಿಗಳನ್ನು ದೊಡ್ಡವು ಮಾಡಿದವು. ಇಂದಿಗೂ ಹವ್ಯಾಸಿಗಳು ಗೂಡು ಆರಂಭಿಸುವುದು ಇದೇ ತತ್ವದ ಮೇಲೆ.

ಪ್ರಶ್ನೆ ಕೇಳಿದ ಬಗೆ

ಇರುವೆಗೆ ಬಣ್ಣ ತಿಳಿಯುತ್ತದೆಯೇ? ಬಾಯಿಲ್ಲದ ಜೀವಿಯನ್ನು ಹೀಗೆ ಕೇಳುವುದು ಹೇಗೆ? ಗೂಡಿಗೆ ಬೆಳಕು ಬಿದ್ದರೆ ಇರುವೆಗಳು ತಮ್ಮ ಕೋಶಗಳನ್ನು ಹೊತ್ತು ಕತ್ತಲೆಗೆ ಓಡುತ್ತವೆ ಎಂಬುದು ಲಬಕ್ ಅವರಿಗೆ ಗೊತ್ತಿತ್ತು. ಆ ಅಭ್ಯಾಸವನ್ನೇ ಅವರು ಉತ್ತರ ಹೇಳುವ ಬಾಯಿಯಾಗಿ ಮಾಡಿಕೊಂಡರು. ಬೆಳಕಿನ ರೋಹಿತವನ್ನು ಗೂಡಿನ ಮೇಲೆ ಬೀಳಿಸಿದಾಗ ಇರುವೆಗಳು ನೇರಳೆಯ ಆಚೆಗೆ, ನಮ್ಮ ಕಣ್ಣಿಗೆ ಏನೂ ಕಾಣದ ಜಾಗದಲ್ಲಿದ್ದ ಕೋಶಗಳನ್ನು ಅವಸರದಿಂದ ಎತ್ತಿ ಕೆಂಪಿನ ಕಡೆ ಸಾಗಿಸಿದವು. ಆಮೇಲೆ ಇನ್ನೊಂದು ಪರೀಕ್ಷೆ. ಗೂಡಿನ ಒಂದು ಭಾಗದ ಮೇಲೆ ಕಪ್ಪಾಗಿ ಕಾಣುವ ನೇರಳೆ ಗಾಜು, ಇನ್ನೊಂದರ ಮೇಲೆ ನೀರಿನಂತೆ ತಿಳಿಯಾದ ಕಾರ್ಬನ್ ಡೈಸಲ್ಫೈಡ್ ದ್ರವ. ನಮಗೆ ಮೊದಲನೆಯದೇ ನೆರಳು. ಇರುವೆಗಳು ಆರಿಸಿಕೊಂಡದ್ದು ತಿಳಿಯಾದ ದ್ರವದ ಕೆಳಗಿನ ಜಾಗ. ಆ ದ್ರವ ನೇರಳಾತೀತ ಕಿರಣಗಳನ್ನು ತಡೆಯುತ್ತದೆ, ನೇರಳೆ ಗಾಜು ಅವನ್ನು ಒಳಬಿಡುತ್ತದೆ. ಮನುಷ್ಯನಿಗೆ ಕಾಣದ ಬೆಳಕು ಇರುವೆಗೆ ಕಾಣುತ್ತದೆ ಎಂಬುದು ಹೀಗೆ ಸಿದ್ಧವಾಯಿತು.

ಶಬ್ದದ ಪ್ರಯೋಗ ಇನ್ನೂ ಪಾಠಯೋಗ್ಯ. ಪಿಟೀಲು ಬಾರಿಸಿದರು, ಸಿಳ್ಳೆ ಹೊಡೆದರು, ಕೂಗಿದರು. ಇರುವೆಗಳು ಅಲುಗಲಿಲ್ಲ. ಇರುವೆ ಕಿವುಡು ಎಂದು ಬರೆದು ಮುಗಿಸುವುದು ಸುಲಭವಿತ್ತು. ಲಬಕ್ ಹಾಗೆ ಮಾಡದೆ, ನಮಗೆ ಕೇಳಿಸದ ಶಬ್ದಗಳು ಅವಕ್ಕೆ ಕೇಳಿಸುತ್ತಿರಬಹುದು ಎಂದು ಬಾಗಿಲು ತೆರೆದಿಟ್ಟರು. ಇರುವೆಗಳು ನೆಲದ ಕಂಪನವನ್ನು ಕಾಲುಗಳಿಂದ ಗ್ರಹಿಸುತ್ತವೆ ಎಂಬುದು ಇಂದು ನಮಗೆ ಗೊತ್ತು.

ಇರುವೆಯ ಬುದ್ಧಿವಂತಿಕೆಯ ಬಗ್ಗೆಯೂ ಅವರು ಎರಡೂ ಕಡೆಯ ಸಾಕ್ಷ್ಯವನ್ನು ಬರೆದಿಟ್ಟರು. ಒಂದೂ ಮುಕ್ಕಾಲು ವರ್ಷ ಬೇರೆಯಿಟ್ಟ ಇರುವೆಗಳನ್ನು ಮರಳಿ ಬಿಟ್ಟಾಗ ಗೂಡಿನವು ಅವನ್ನು ತಮ್ಮವೆಂದು ಗುರುತಿಸಿದವು. ಹಳದಿ ಇರುವೆಗಳು ಸಸ್ಯಹೇನಿನ ಮೊಟ್ಟೆಗಳನ್ನು ಚಳಿಗಾಲವಿಡೀ ಗೂಡಿನಲ್ಲಿ ಕಾಪಾಡಿ, ವಸಂತದಲ್ಲಿ ಮರಿಗಳನ್ನು ಹೊರಗಿನ ಗಿಡಕ್ಕೆ ಒಯ್ದವು. ಅದೇ ಇರುವೆಗಳು, ಅರ್ಧ ಇಂಚಿಗಿಂತ ಕಡಿಮೆ ಎತ್ತರದಲ್ಲಿ ತೂಗಿಬಿಟ್ಟ ಆಹಾರಕ್ಕೆ ಪಕ್ಕದಲ್ಲೇ ಇದ್ದ ಮಣ್ಣನ್ನು ರಾಶಿಹಾಕಿ ಹತ್ತುವ ಯೋಚನೆ ಮಾಡಲಿಲ್ಲ. ಬಹುದೂರದ ಸುತ್ತುದಾರಿಯನ್ನೇ ಹಿಡಿದವು. ಗಾಯಗೊಂಡ ಒಂದನ್ನು ಒಂದು ಇರುವೆ ಮೆಲ್ಲಗೆ ಎತ್ತಿಕೊಂಡು ಹೋದದ್ದನ್ನೂ, ಸಂಕಟದಲ್ಲಿದ್ದ ಇನ್ನೊಂದರ ಪಕ್ಕದಲ್ಲೇ ಹತ್ತಾರು ಇರುವೆಗಳು ನೋಡದೆ ಹಾದುಹೋದದ್ದನ್ನೂ ಅವರು ದಾಖಲಿಸಿದರು. ಈ ಎಲ್ಲ ಫಲಿತಾಂಶ 1882ರಲ್ಲಿ ಇರುವೆ, ಜೇನ್ನೊಣ, ಕಣಜಗಳ ಮೇಲಿನ ಪುಸ್ತಕವಾಗಿ ಬಂದು ಹಲವು ಮುದ್ರಣ ಕಂಡಿತು.

ಅವರ ನಾಯಿಯ ಪ್ರಯೋಗವನ್ನೂ ಇಲ್ಲಿ ಹೇಳಬೇಕು. ಬಾಸ್ಟನ್ನಿನಲ್ಲಿ ಕಣ್ಣು ಕಿವಿ ಎರಡೂ ಇಲ್ಲದ ಲಾರಾ ಬ್ರಿಜ್‌ಮನ್ ಎಂಬ ಬಾಲಕಿಗೆ ಡಾ. ಹೋವ್ ಭಾಷೆ ಕಲಿಸಿದ ವಿಧಾನವನ್ನು ಓದಿ, ಅದೇ ದಾರಿಯಲ್ಲಿ ತಮ್ಮ ವ್ಯಾನ್ ಎಂಬ ನಾಯಿಗೆ ಅಕ್ಷರದ ಕಾರ್ಡುಗಳನ್ನು ಕಲಿಸಿದರು. ಹಸಿದಾಗ ಆಹಾರ ಎಂದು ಬರೆದ ಕಾರ್ಡನ್ನು ಅದು ಕಚ್ಚಿ ತರುತ್ತಿತ್ತು. ಬಣ್ಣ ಹೊಂದಿಸುವುದನ್ನೂ ಎಣಿಕೆಯನ್ನೂ ಕಲಿಸಲು ಹೋಗಿ ಸೋತದ್ದನ್ನು ಅವರು ಮುಚ್ಚಿಡಲಿಲ್ಲ.

ಒಂದು ಕೊರತೆ

ಜೀವನಚರಿತ್ರೆ ಹೇಳುವಾಗ ಹೊಗಳಿಕೆಯಷ್ಟನ್ನೇ ಹೇಳಿದರೆ ಮಕ್ಕಳಿಗೆ ಅನ್ಯಾಯವಾಗುತ್ತದೆ. 1870ರಲ್ಲಿ ಲಬಕ್ ನಾಗರಿಕತೆಯ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಲೋಕದ ಜನಾಂಗಗಳನ್ನು ಮೇಲಿನವರು, ಕೆಳಗಿನವರು ಎಂದು ಏಣಿಯಲ್ಲಿ ಕೂರಿಸಿದ್ದರು. ಆಧಾರ, ಪ್ರವಾಸಿಗರು ಮತ್ತು ಮಿಷನರಿಗಳು ಬರೆದ ವರದಿಗಳು. ಆ ವಿಂಗಡಣೆಯನ್ನು ಮಾನವಶಾಸ್ತ್ರ ಬಹಳ ಹಿಂದೆಯೇ ಕೈಬಿಟ್ಟಿದೆ. ಒಂದು ಇರುವೆಗೆ ಚುಕ್ಕೆಯಿಟ್ಟು ದಿನವಿಡೀ ನೋಡಿದ ಮೇಲಷ್ಟೇ ಮಾತಾಡುತ್ತಿದ್ದವರು, ತಾವು ಕಣ್ಣಾರೆ ಕಾಣದ ಮನುಷ್ಯರ ಬಗ್ಗೆ ಕೇಳಿದ ಮಾತನ್ನು ನಂಬಿ ತೀರ್ಪು ಕೊಟ್ಟರು. ಒಬ್ಬನೇ ವ್ಯಕ್ತಿಯಲ್ಲಿ ಎರಡೂ ಇದ್ದವು. ವೈಜ್ಞಾನಿಕ ಮನೋಭಾವ ಒಂದು ಕಡೆ ಬಂದರೆ ಎಲ್ಲ ಕಡೆಗೂ ತಾನಾಗಿ ಹರಡುವುದಿಲ್ಲ. ಪ್ರತಿ ವಿಷಯದಲ್ಲೂ ಅದನ್ನು ಹೊಸದಾಗಿ ರೂಢಿಸಬೇಕು. ತರಗತಿಯ ಹಿಂದಿನ ಬೆಂಚಿನ ಮಕ್ಕಳನ್ನು ಒಂದು ವಾರದಲ್ಲಿ ಅಳೆದುಬಿಡುವ ನಮಗೂ ಇದು ಅನ್ವಯಿಸುತ್ತದೆ.

1882ರಲ್ಲಿ ಡಾರ್ವಿನ್ ತೀರಿಕೊಂಡಾಗ ಅವರ ಸಮಾಧಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಆಗಬೇಕೆಂದು ಮುಂದೆ ನಿಂತವರಲ್ಲಿ ಲಬಕ್ ಒಬ್ಬರು. ಗುರುವಿನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲೂ ಒಬ್ಬರು. ಲಬಕ್ 1913ರ ಮೇ 28ರಂದು ಕೆಂಟ್‌ನ ಕಡಲತೀರದ ಕಿಂಗ್ಸ್‌ಗೇಟ್‌ನಲ್ಲಿ ನಿಧನರಾದರು.

ತರಗತಿಗೆ ತರುವಾಗ

ಪ್ರೌಢಶಾಲೆಯ ಜೀವವಿಜ್ಞಾನ ಪಾಠಕ್ಕೆ ಈ ಜೀವನವನ್ನು ಬಳಸುವ ಪ್ರಶಿಕ್ಷಣಾರ್ಥಿಗಳು ಕೆಲವು ಅಂಶಗಳನ್ನು ಗಮನಿಸಬಹುದು.

ಇರುವೆ ಎಂದರೆ ಶ್ರಮದ ನೀತಿಪಾಠ ಎಂಬ ರೂಢಿ ನಮ್ಮಲ್ಲಿದೆ. ನೀತಿಯಿಂದ ಆರಂಭಿಸಿದರೆ ವೀಕ್ಷಣೆ ಅಲ್ಲಿಗೇ ಮುಗಿಯುತ್ತದೆ. ಮೊದಲು ಶಾಲೆಯ ಅಂಗಳದ ಇರುವೆ ಸಾಲನ್ನು ಹತ್ತು ನಿಮಿಷ ನೋಡಿಸಿ. ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಬರೆಸಿ. ಗೆದ್ದಲು ಇರುವೆಯ ಜಾತಿಯಲ್ಲ, ಜಿರಲೆಯ ಸಂಬಂಧಿ ಎಂಬುದನ್ನೂ ಇಲ್ಲೇ ಸ್ಪಷ್ಟಪಡಿಸಬಹುದು.

ಗೂಡು ಮಾಡುವುದಾದರೆ ಲಬಕ್ ಮಾದರಿಯೇ ಸಾಕು. ಎರಡು ಗಾಜಿನ ಹಲಗೆ, ತೇವದ ಮಣ್ಣು, ಸುತ್ತ ನೀರಿನ ತಟ್ಟೆ, ಮೇಲೆ ಕೆಂಪು ಸೆಲ್ಲೋಫೇನ್ ಹಾಳೆ. ಕೆಂಪು ಬೆಳಕು ಇರುವೆಗೆ ಹೆಚ್ಚು ಕಾಣದು, ನಮಗೆ ಗೂಡು ಕಾಣುತ್ತದೆ. ಗಾಜಿನ ಅಂಚುಗಳಿಗೆ ಟೇಪು ಸುತ್ತಿರಬೇಕು. ಸಕ್ಕರೆ ನೀರಿನ ಹನಿ, ಸತ್ತ ನೊಣ ಆಹಾರಕ್ಕೆ ಸಾಕು. ಕಚ್ಚುವ ಕೆಂಜಿರುವೆ, ಚಗಳಿಗಳು ಬೇಡ. ಶಾಂತವಾದ ಕಪ್ಪಿರುವೆ ಆಗಬಹುದು. ಇರುವೆಗಳನ್ನು ಹಿಡಿಯುವುದು ಶಾಲೆಯ ಆವರಣದಲ್ಲೇ, ಬಿಡುವುದು ಹಿಡಿದ ಜಾಗದಲ್ಲೇ. ಬೇರೆ ಊರಿನ ಜಾತಿಯನ್ನು ತರಬಾರದು. ರಾಣಿಯಿಲ್ಲದ ಗೂಡು ಬೆಳೆಯದು. ಒಂದೆರಡು ವಾರ ನೋಡಿ ಬಿಟ್ಟುಬಿಡುವುದೇ ಸರಿ. ಗೂಡಿಗಾಗಿ ರಾಣಿಯನ್ನು ಅಗೆದು ತೆಗೆದರೆ ನೆಲದೊಳಗಿನ ಇಡೀ ಸಂಸಾರ ಹಾಳಾಗುತ್ತದೆ. ಮಳೆ ಬಿದ್ದ ಮೇಲೆ ರೆಕ್ಕೆ ಕಳಚಿಕೊಂಡು ಒಂಟಿಯಾಗಿ ಓಡಾಡುವ ರಾಣಿ ಸಿಕ್ಕರೆ, ತೇವದ ಹತ್ತಿಯಿಟ್ಟ ಪ್ರನಾಳದಲ್ಲಿ ಕತ್ತಲೆಯಲ್ಲಿಟ್ಟು, 1876ರಲ್ಲಿ ಲಬಕ್ ಕೇಳಿದ ಪ್ರಶ್ನೆಯನ್ನೇ ಮಕ್ಕಳೂ ಕೇಳಬಹುದು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕಾಗುತ್ತದೆ. ಇರುವೆಗೆ ಸಿಹಿ ಇಷ್ಟವೋ ಉಪ್ಪು ಇಷ್ಟವೋ ಎಂದು ಇರುವೆಯನ್ನೇ ಕೇಳುವ ಒಂದು ಪ್ರಯೋಗವನ್ನು ಪ್ರತಿ ಗುಂಪೂ ರೂಪಿಸಲಿ. ಯಾವ ಫಲಿತಾಂಶ ಬಂದರೆ ತಮ್ಮ ಊಹೆ ತಪ್ಪೆಂದು ಒಪ್ಪುತ್ತೇವೆ ಎಂಬುದನ್ನು ಪ್ರಯೋಗಕ್ಕೆ ಮುಂಚೆಯೇ ಬರೆದಿಡಲಿ.